ಕಡಿಮೆ ಕಾಸಿನ ಆಟದ ಕಂಪ್ಯೂಟರ್: ಒಂದು ಚರಿತ್ರೆ

ಮೂವತ್ತು ವರ್ಷಗಳಿಗೂ ಮೀರಿ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸದ ಪಾಠ ಹೇಳಿದವನು ನಾನು. ಪಟ್ಟಾಭಿಷೇಕ, ಕದನ, ಕೌಲುಕರಾರುಗಳ ಇಸವಿಗಳನ್ನು ಬಾಯಿಪಾಠ ಮಾಡುವುದೇ ಇತಿಹಾಸವೆಂದು ಮಕ್ಕಳು ತಿಳಿದಿರುತ್ತಿದ್ದರು. ಮನೆಯಲ್ಲಿರುವ ಬೀಸುವ ಕಲ್ಲಿಗೂ ಒಂದು ಚರಿತ್ರೆ ಇದೆ, ಹೊಲಿಗೆ ಯಂತ್ರಕ್ಕೂ ಇದೆ ಎಂದು ನಾನು ಆಗಾಗ ಹೇಳುತ್ತಿದ್ದೆ. ಇಂದು ಅಂಥದೇ ಒಂದು ವಸ್ತುವಿನ ಚರಿತ್ರೆಯನ್ನು ಬರೆಯಲು ಹೊರಟಿದ್ದೇನೆ. ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ತಂದು, ಮನೆಯಲ್ಲೇ ಕೈಯಾರೆ ಜೋಡಿಸಿಕೊಂಡ ಆಟದ ಕಂಪ್ಯೂಟರೇ ಆ ವಸ್ತು. ಆಟದ ಸಾಮಾನಿಗೆಂಥ ಇತಿಹಾಸ ಎಂದು ನನ್ನ ವಾರಗೆಯ ಹಿರಿಯರು ಮೂಗು ಮುರಿಯಬಹುದು. ಅವರು ದಯವಿಟ್ಟು ಕೊನೆಯವರೆಗೆ ಓದಬೇಕು.

ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿ ಹೇಗೆ ಸಿದ್ಧವಾಗುತ್ತಿತ್ತು ಎಂಬುದನ್ನು ನೆನಪಿಸಿಕೊಳ್ಳೋಣ. ಮರ ಒಬ್ಬರ ತೋಟದ್ದು, ಗಾಲಿ ಬಡಗಿಯದು, ಗಾಲಿಗೆ ಬಿಗಿಯುವ ಕಬ್ಬಿಣದ ಪಟ್ಟಿ ಕಮ್ಮಾರನದು, ಹಗ್ಗ ಸಂತೆಯದು. ಅಚ್ಚು ಮುರಿದರೆ ಅಚ್ಚನ್ನು ಮಾತ್ರ ಬದಲಿಸುತ್ತಿದ್ದರೇ ಹೊರತು ಗಾಡಿಯನ್ನು ಯಾರೂ ಎಸೆಯುತ್ತಿರಲಿಲ್ಲ. ಕೈಯಲ್ಲಿ ಹಣವಿಲ್ಲದ ರೈತ ಈ ವರ್ಷ ಗಾಲಿ, ಮುಂದಿನ ವರ್ಷ ಮೇಲಿನ ಹಲಗೆ ಎಂದು ಕಂತಿನಲ್ಲಿ ಗಾಡಿ ಮಾಡಿಕೊಳ್ಳಬಹುದಾಗಿತ್ತು. ಬಡವನಿಗೆ ವಸ್ತುವೊಂದು ದಕ್ಕಬೇಕಾದರೆ ಅದು ಬಿಡಿಬಿಡಿಯಾಗಿ ಸಿಗುವಂತಿರಬೇಕು, ಬಿಡಿಭಾಗಗಳು ಒಂದಕ್ಕೊಂದು ಹೊಂದುವಂತಿರಬೇಕು. ಕಂಪ್ಯೂಟರಿನಂಥ ಸೂಕ್ಷ್ಮ ಯಂತ್ರಕ್ಕೆ ಈ ಗುಣ ಹೇಗೆ ಬಂತು ಎಂಬುದೇ ಇಲ್ಲಿನ ಕಥೆ. ಅದು ತಾನಾಗಿ ಬಂದದ್ದಲ್ಲ.

ಕಂಪ್ಯೂಟರಿನಲ್ಲಿ ಆಡಿದ ಮೊದಮೊದಲ ಆಟಗಳಲ್ಲೊಂದು 'ಸ್ಪೇಸ್‌ವಾರ್'. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1962ರಲ್ಲಿ ಸ್ಟೀವ್ ರಸೆಲ್ ಮತ್ತು ಅವನ ಗೆಳೆಯರು ಅದನ್ನು ಬರೆದರು. ಅದು ನಡೆಯುತ್ತಿದ್ದ ಪಿಡಿಪಿ-1 ಯಂತ್ರದ ಬೆಲೆ ಸುಮಾರು 1,20,000 ಡಾಲರ್. ಯಂತ್ರ ವಿದ್ಯಾಸಂಸ್ಥೆಗೆ ದಾನವಾಗಿ ಬಂದದ್ದು, ಹುಡುಗರದಲ್ಲ. ಆದರೆ ಆಟವಾಡಲು ಬೇಕಾದ ಕೈಪೆಟ್ಟಿಗೆಗಳನ್ನು ಮಾತ್ರ ಅವರಲ್ಲಿಬ್ಬರು ತಾವೇ ಮಾಡಿಕೊಂಡರು. ಆಟಿಕೆ ರೈಲುಗಳನ್ನು ಓಡಿಸುವ ತಮ್ಮ ಸಂಘದ ಕೋಣೆಯಲ್ಲಿ ಬಿದ್ದಿದ್ದ ಮರದ ತುಂಡು, ಸ್ವಿಚ್ಚು, ತಂತಿಗಳಿಂದ ಅವು ತಯಾರಾದವು. ಮೋಹಕ್ಕೆ ಮಿತಿಯಿಲ್ಲ, ಜೇಬಿಗೆ ಮಿತಿಯಿದೆ. ಆಗ ಗುಜರಿಯೇ ಗುರು. ಈ ಸಂಪ್ರದಾಯ ಅಂದೇ ಹುಟ್ಟಿತೆಂದು ನನ್ನ ಭಾವನೆ.

ಯಂತ್ರವೇ ಮನೆಗೆ ಬರಲು ಇನ್ನೂ ಹದಿಮೂರು ವರ್ಷ ಬೇಕಾಯಿತು. 1975ರ ಜನವರಿಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ 'ಆಲ್ಟೇರ್ 8800' ಎಂಬ ಪೆಟ್ಟಿಗೆಯ ಚಿತ್ರ ಅಚ್ಚಾಯಿತು. ಆಲ್ಬುಕರ್ಕಿ ಎಂಬ ಊರಿನಲ್ಲಿ ಸಾಲದಲ್ಲಿ ಮುಳುಗಿದ್ದ ಸಣ್ಣ ಕಂಪನಿಯೊಂದರ ಒಡೆಯ ಎಡ್ ರಾಬರ್ಟ್ಸ್ ಅದನ್ನು 397 ಡಾಲರಿಗೆ ಬಿಡಿಭಾಗಗಳ ಪೊಟ್ಟಣವಾಗಿ ಮಾರಿದ. ಕೊಂಡವನೇ ಕುಳಿತು ಬೆಸುಗೆ ಹಾಕಿಕೊಳ್ಳಬೇಕು. ಪರದೆಯಿಲ್ಲ, ಕೀಲಿಮಣೆಯಿಲ್ಲ, ನೆನಪಿನ ಶಕ್ತಿ 256 ಬೈಟ್. ಈ ಒಂದು ಪ್ಯಾರಾವನ್ನೂ ಪೂರ್ತಿಯಾಗಿ ಹಿಡಿಸಲಾರದಷ್ಟು ಕಿರಿದು. ಕೆಲವು ನೂರು ಮಂದಿ ಕೊಂಡಾರು ಎಂದು ಎಣಿಸಿದ್ದಲ್ಲಿ ಸಾವಿರಾರು ಬೇಡಿಕೆಗಳು ಬಂದವು. ಅದೇ ವರ್ಷದ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಒಂದು ಕಾರು ಶೆಡ್ಡಿನಲ್ಲಿ ಇಂಥ ಹವ್ಯಾಸಿಗಳು ಸೇರಿ 'ಹೋಂಬ್ರೂ ಕಂಪ್ಯೂಟರ್ ಕ್ಲಬ್' ಕಟ್ಟಿದರು.

ಆ ಸಭೆಗೆ ಬಂದವರಲ್ಲಿ ಸ್ಟೀವ್ ವೋಜ್ನಿಯಾಕ್ ಒಬ್ಬ. ಇಂಟೆಲ್ ಕಂಪನಿಯ ಚಿಪ್ಪಿಗೆ ಕೊಡುವಷ್ಟು ಹಣ ಅವನಲ್ಲಿರಲಿಲ್ಲ. ಅದೇ ವರ್ಷ 25 ಡಾಲರಿಗೆ ಮಾರಾಟಕ್ಕೆ ಬಂದ 6502 ಎಂಬ ಅಗ್ಗದ ಚಿಪ್ಪನ್ನು ಆರಿಸಿಕೊಂಡು ತನ್ನ ಯಂತ್ರ ಕಟ್ಟಿದ. ಅದೇ 1976ರ 'ಆ್ಯಪಲ್ 1'. 666.66 ಡಾಲರಿಗೆ ಸಿಗುತ್ತಿದ್ದುದು ಬರಿಯ ಬೋರ್ಡು. ಪೆಟ್ಟಿಗೆ, ಕೀಲಿಮಣೆ, ವಿದ್ಯುತ್ ಪೂರೈಕೆ ಎಲ್ಲವನ್ನೂ ಕೊಂಡವನೇ ಹೊಂದಿಸಿಕೊಳ್ಳಬೇಕು. ಅದಕ್ಕೂ ಮೊದಲು ವೋಜ್ನಿಯಾಕ್ ಅಟಾರಿ ಕಂಪನಿಗಾಗಿ ಇಟ್ಟಿಗೆ ಒಡೆಯುವ 'ಬ್ರೇಕ್‌ಔಟ್' ಆಟದ ಸರ್ಕೀಟನ್ನು ರೂಪಿಸಿದ್ದ. ಆ ಆಟವನ್ನು ತನ್ನದೇ ಯಂತ್ರದಲ್ಲಿ ಆಡಬೇಕೆಂಬ ಆಸೆಯಿಂದಲೇ 1977ರ 'ಆ್ಯಪಲ್ 2'ಕ್ಕೆ ಬಣ್ಣ, ಸದ್ದು, ಆಟದ ಹಿಡಿಕೆಗಳನ್ನು ಸೇರಿಸಿದೆನೆಂದು ಆತನೇ ಮುಂದೆ ಹೇಳಿದ್ದಾನೆ. ಆಟ ಕಲಿಕೆಯ ಶತ್ರುವೆಂದು ವಾದಿಸುವವರು ಇದನ್ನು ಗಮನಿಸಬೇಕು.

ಇಷ್ಟಾದರೂ ಒಬ್ಬರ ಭಾಗ ಇನ್ನೊಬ್ಬರ ಯಂತ್ರಕ್ಕೆ ಹೊಂದುತ್ತಿರಲಿಲ್ಲ. ಆ ತಿರುವು ಬಂದದ್ದು 1981ರ ಆಗಸ್ಟ್ 12ರಂದು. ಐ.ಬಿ.ಎಂ. ಎಂಬ ದೈತ್ಯ ಸಂಸ್ಥೆ ತನ್ನ 'ಪರ್ಸನಲ್ ಕಂಪ್ಯೂಟರ್' ಅನ್ನು ಹೊರತಂದ ದಿನ ಅದು. ಎಲ್ಲವನ್ನೂ ತಾನೇ ತಯಾರಿಸುವುದು ಆ ಸಂಸ್ಥೆಯ ರೂಢಿ. ಆದರೆ ಒಂದು ವರ್ಷದೊಳಗೆ ಯಂತ್ರ ಸಿದ್ಧವಾಗಬೇಕೆಂಬ ಅವಸರದಲ್ಲಿ ಡಾನ್ ಎಸ್ಟ್ರಿಡ್ಜ್ ಎಂಬಾತನ ತಂಡ ಪೇಟೆಯಲ್ಲಿ ಸಿಗುವ ಭಾಗಗಳನ್ನೇ ಬಳಸಿತು. ಪ್ರೊಸೆಸರ್ ಇಂಟೆಲ್‌ನದು, ಕಾರ್ಯಾಚರಣೆಯ ತಂತ್ರಾಂಶ ಮೈಕ್ರೊಸಾಫ್ಟಿನದು. ಹೆಚ್ಚುವರಿ ಕಾರ್ಡು ಸಿಕ್ಕಿಸಲು ಒಳಗೆ ಐದು ಸ್ಲಾಟುಗಳನ್ನು ಇಟ್ಟರು. ಅವಕ್ಕೆ ಬೇರೆಯವರೂ ಕಾರ್ಡು ತಯಾರಿಸಲಿ ಎಂದು ಯಂತ್ರದ ಸರ್ಕೀಟು ನಕ್ಷೆಗಳನ್ನೇ ಪುಸ್ತಕವಾಗಿ ಅಚ್ಚು ಹಾಕಿಸಿ ಮಾರಿದರು.

ಗುಟ್ಟಾಗಿ ಉಳಿಯಬೇಕಾದುದು ಬಯಲಾಯಿತು. ಹಕ್ಕುಸ್ವಾಮ್ಯದ ಬೇಲಿ ಉಳಿದದ್ದು ಯಂತ್ರವನ್ನು ಎಚ್ಚರಗೊಳಿಸುವ 'ಬಯೋಸ್' ಎಂಬ ಪುಟ್ಟ ತಂತ್ರಾಂಶಕ್ಕೆ ಮಾತ್ರ. 1982ರಲ್ಲಿ ಹೂಸ್ಟನ್ನಿನಲ್ಲಿ ಹುಟ್ಟಿದ ಕಾಂಪ್ಯಾಕ್ ಕಂಪನಿ ಆ ಬೇಲಿಯನ್ನು ನ್ಯಾಯವಾಗಿಯೇ ದಾಟಿತು. ಒಂದು ಗುಂಪು ಐ.ಬಿ.ಎಂ. ಬಯೋಸ್ ಏನೇನು ಕೆಲಸ ಮಾಡುತ್ತದೆ ಎಂದು ಪಟ್ಟಿ ಮಾಡಿತು. ಅದನ್ನು ಎಂದೂ ಕಣ್ಣಾರೆ ಕಾಣದ ಇನ್ನೊಂದು ಗುಂಪು ಆ ಪಟ್ಟಿಯನ್ನಷ್ಟೇ ನೋಡಿ ಹೊಸದಾಗಿ ಬರೆಯಿತು. ಮುಂದೆ 1984ರಲ್ಲಿ ಫೀನಿಕ್ಸ್ ಕಂಪನಿ ಇಂಥದೇ ಬಯೋಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಕೈಬಿಟ್ಟುಹೋದ ಪೇಟೆಯನ್ನು ಮರಳಿ ಹಿಡಿಯಲು ಐ.ಬಿ.ಎಂ. 1987ರಲ್ಲಿ ಪಿಎಸ್/2 ಎಂಬ ಹೊಸ ಸಾಲಿನ ಯಂತ್ರಗಳನ್ನು ತಂದು, ಅದರ ಸ್ಲಾಟುಗಳನ್ನು ಬಳಸುವವರು ಕಾಣಿಕೆ ಕೊಡಬೇಕೆಂದಿತು. 1988ರಲ್ಲಿ ಒಂಬತ್ತು ಕಂಪನಿಗಳು ಒಟ್ಟಾಗಿ ತಮ್ಮದೇ ಬೇರೊಂದು ಪದ್ಧತಿಯನ್ನು ಸಾರಿದವು. ಐ.ಬಿ.ಎಂ. ಹಾಕಹೊರಟ ಬೀಗಕ್ಕೆ ಯಾರೂ ಕೊರಳೊಡ್ಡಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಸಣ್ಣ ಘಟನೆಯಲ್ಲ. ಅಂದು ಐ.ಬಿ.ಎಂ. ಗೆದ್ದಿದ್ದರೆ ಬಿಡಿಭಾಗಗಳ ಬೀದಿಗಳು ಪ್ರಪಂಚದಲ್ಲಿ ಈ ಪರಿ ಬೆಳೆಯುತ್ತಿರಲಿಲ್ಲ.

ಬಿಡಿಭಾಗಗಳನ್ನು ತಯಾರಿಸುವ ಕೆಲಸಕ್ಕೆ ತೈವಾನ್ ದ್ವೀಪದ ಕಂಪನಿಗಳು ಟೊಂಕ ಕಟ್ಟಿದವು. ಗಿಗಾಬೈಟ್ ಮತ್ತು ಎಂ.ಎಸ್.ಐ. ಹುಟ್ಟಿದ್ದು 1986ರಲ್ಲಿ, ಏಸಸ್ 1989ರಲ್ಲಿ. 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಪಡಿಸಿತು. ಮದರ್‌ಬೋರ್ಡಿನ ಸ್ಕ್ರೂ ತೂತುಗಳು ಎಲ್ಲಿರಬೇಕು, ಎಸ್‌ಎಂಪಿಎಸ್‌ನಿಂದ ಬರುವ ವೈರಿನ ತುದಿ ಹೇಗಿರಬೇಕು, ಹಿಂಬದಿಯ ಕಿಂಡಿ ಎಷ್ಟಿರಬೇಕು ಎಂಬುದೆಲ್ಲ ಅದರಲ್ಲಿ ನಿಗದಿಯಾಯಿತು. ರ‍್ಯಾಮಿನ ಅಂಚಿನಲ್ಲೊಂದು ಕಚ್ಚು ಇರುವುದನ್ನು ಓದುಗರು ನೋಡಿರಬಹುದು; ಅದು ತಿರುಗುಮುರುಗಾಗಿ ಕೂರುವುದೇ ಇಲ್ಲ. ವಿದ್ಯಾರ್ಥಿ ತಪ್ಪು ಮಾಡದಂತೆ ಪ್ರಶ್ನೆಯನ್ನೇ ತಿದ್ದಿಕೊಟ್ಟ ಒಳ್ಳೆಯ ಮೇಷ್ಟರ ಹಾಗೆ ಈ ಅಳತೆಗಳು ಕೆಲಸ ಮಾಡಿವೆ.

ಇನ್ನು ಆಟದ ವಿಷಯ. 1993ರ ಡಿಸೆಂಬರ್ 10ರಂದು ಹೊರಬಂದ 'ಡೂಮ್' ಆಟದ ಮೊದಲ ಭಾಗವನ್ನು ಪುಕ್ಕಟೆ ಹಂಚಲಾಯಿತು. ಪ್ರತಿಯಿಂದ ಪ್ರತಿಯಾಗಿ ಅದು ಪ್ರಪಂಚವನ್ನೇ ಸುತ್ತಿತು. ಕಚೇರಿಯ ಲೆಕ್ಕಪತ್ರಕ್ಕೆ ಸಾಕಾಗುತ್ತಿದ್ದ ಯಂತ್ರ ಆಟಕ್ಕೆ ಸಾಲದೆಂದು ಜನರಿಗೆ ಅರಿವಾಯಿತು. 1996ರಲ್ಲಿ 'ಕ್ವೇಕ್' ಬಂತು. ಅದೇ ವರ್ಷ 3ಡಿಎಫ್‌ಎಕ್ಸ್ ಕಂಪನಿಯ 'ವೂಡೂ' ಕಾರ್ಡು ಬಂತು. ಅದು ಮೂರು ಆಯಾಮದ ಚಿತ್ರ ಬಿಡಿಸುವುದನ್ನು ಬಿಟ್ಟು ಬೇರೇನನ್ನೂ ಮಾಡದು. ಸಾಧಾರಣ ಚಿತ್ರಕ್ಕೆ ಹಳೆಯ ಕಾರ್ಡೇ ಇರಬೇಕು, ಎರಡನ್ನೂ ಒಂದು ಕೇಬಲ್ಲಿನಿಂದ ಹೊರಗೆ ಜೋಡಿಸಬೇಕು. ಅಂದರೆ ಇದ್ದ ಯಂತ್ರವನ್ನು ಎಸೆಯದೆ ಒಂದು ಕಾರ್ಡು ಸೇರಿಸಿಯೇ ಹೊಸ ಆಟದ ಯಂತ್ರ ಮಾಡಿಕೊಳ್ಳಬಹುದಾಯಿತು. ಆ ಐದು ಸ್ಲಾಟುಗಳ ಉದಾರತೆ ಫಲ ಕೊಟ್ಟದ್ದು ಹೀಗೆ.

ಕಡಿಮೆ ಕಾಸಿನ ಆಟಗಾರರ ಚರಿತ್ರೆಯಲ್ಲಿ ಸುವರ್ಣಾಕ್ಷರದ ದಿನವೆಂದರೆ 1998ರ ಆಗಸ್ಟ್ 24. ಅಂದು ಇಂಟೆಲ್ ಎರಡು ಪ್ರೊಸೆಸರುಗಳನ್ನು ಬಿಡುಗಡೆ ಮಾಡಿತು. ಉಳ್ಳವರಿಗಾಗಿ 450 ಮೆಗಾಹರ್ಟ್ಜ್ ವೇಗದ ಪೆಂಟಿಯಂ 2, ಬೆಲೆ 669 ಡಾಲರ್. ಇಲ್ಲದವರಿಗಾಗಿ 300 ಮೆಗಾಹರ್ಟ್ಜ್ ವೇಗದ 'ಸೆಲೆರಾನ್ 300ಎ', ಬೆಲೆ 149 ಡಾಲರ್. ಅಂದಿನ ವಿನಿಮಯ ದರದಲ್ಲಿ ಒಂದಕ್ಕೆ ಸುಮಾರು ಇಪ್ಪತ್ತೆಂಟು ಸಾವಿರ ರೂಪಾಯಿ, ಇನ್ನೊಂದಕ್ಕೆ ಆರು ಸಾವಿರ ಚಿಲ್ಲರೆ. ಹವ್ಯಾಸಿಗಳು ಲೆಕ್ಕ ಹಾಕಿದರು. ಸೆಲೆರಾನ್‌ನ ವೇಗ ಬೋರ್ಡಿನ 66 ಮೆಗಾಹರ್ಟ್ಜ್ ತಾಳವನ್ನು ನಾಲ್ಕೂವರೆಯಿಂದ ಗುಣಿಸಿದರೆ ಬರುವುದು. ತಾಳವನ್ನೇ 100ಕ್ಕೆ ಏರಿಸಿದರೆ? ನಾಲ್ಕೂವರೆ ನೂರು! ಬೋರ್ಡಿನ ಬಯೋಸಿನಲ್ಲಿ ಒಂದು ಅಂಕಿ ಬದಲಿಸಿದಾಗ ಬಹಳಷ್ಟು ಚಿಪ್ಪುಗಳು ತಕರಾರಿಲ್ಲದೆ ಆ ವೇಗದಲ್ಲಿ ಓಡಿದವು. ಇದರ ಒಳಗಿನ ಕ್ಯಾಶ್ ನೆನಪು 128 ಕಿಲೋಬೈಟ್ ಮಾತ್ರವಾದರೂ ಪ್ರೊಸೆಸರಿನ ಪೂರ್ಣ ವೇಗದಲ್ಲಿ ನಡೆಯುತ್ತಿತ್ತು; ದುಬಾರಿ ಪೆಂಟಿಯಂನಲ್ಲಿ 512 ಕಿಲೋಬೈಟ್ ಇದ್ದರೂ ಅದು ಅರ್ಧ ವೇಗದ್ದು. ಆದುದರಿಂದ ಆಟಗಳಲ್ಲಿ ಅಗ್ಗದ್ದು ದುಬಾರಿಯ ಹೆಗಲಿಗೆ ಹೆಗಲು ಕೊಟ್ಟು ನಿಂತಿತು. ಎಲ್ಲ ಚಿಪ್ಪೂ ಹೀಗೆ ಓಡುತ್ತಿರಲಿಲ್ಲ, ಕೆಟ್ಟರೆ ಕೇಳುವವರೂ ಇರಲಿಲ್ಲ. ಆದರೂ ಬಡವನ ಪಾಲಿಗೆ ತಿಳಿವಳಿಕೆಯೇ ಬಂಡವಾಳ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಇದೆಲ್ಲ ಹೊರನಾಡಿನ ಮಾತಾಯಿತು. ನಮ್ಮ ದೇಶದಲ್ಲಿ 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದಿನ ಬಾಗಿಲನ್ನು ಸ್ವಲ್ಪ ತೆರೆಯಿತು. 1991ರ ಆರ್ಥಿಕ ಸುಧಾರಣೆ ಇನ್ನಷ್ಟು ತೆರೆಯಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿ, 2005ರ ಹೊತ್ತಿಗೆ ಕಂಪ್ಯೂಟರು ಮತ್ತು ಅದರ ಭಾಗಗಳ ಮೇಲಿನ ಸುಂಕವನ್ನು ಹಂತಹಂತವಾಗಿ ತೆಗೆಯಲು ಒಪ್ಪಿತು. ದೆಹಲಿಯ ನೆಹರೂ ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚ್ಚಿ ಸ್ಟ್ರೀಟ್ ಇದ್ದ ಹಾಗೆ ಬೆಂಗಳೂರಿನಲ್ಲಿ ಸಾದರ್ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್.ಪಿ. ರೋಡ್, ಈ ವ್ಯಾಪಾರದ ಕೇಂದ್ರವಾಯಿತು. ವಾಹನಗಳ ಬಿಡಿಭಾಗಕ್ಕೆ ಹೆಸರಾದ ಜೆ.ಸಿ. ರಸ್ತೆಯೂ ಅಲ್ಲಿಗೆ ಹತ್ತಿರವೇ. ಜಾಹೀರಾತಿನ ಖರ್ಚಿಲ್ಲದ 'ಅಸೆಂಬಲ್ಡ್' ಯಂತ್ರ ಅಲ್ಲಿ ಹೆಸರಾಂತ ಕಂಪನಿಯ ಯಂತ್ರಕ್ಕಿಂತ ಸಾಕಷ್ಟು ಕಡಿಮೆಗೆ ದೊರೆಯುತ್ತಿತ್ತು. ಅದರೊಳಗಿನ ತಂತ್ರಾಂಶ ಅನೇಕ ವೇಳೆ ಕದ್ದ ಪ್ರತಿಯಾಗಿರುತ್ತಿತ್ತು ಎಂಬುದನ್ನೂ ಚರಿತ್ರೆ ಬರೆಯುವವನು ಮುಚ್ಚಿಡಬಾರದು.

2001ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಜೊತೆ ನಾನೂ ಆ ರಸ್ತೆಗೆ ಹೋಗಿದ್ದೆ. ತುಮಕೂರಿನ ಕಡೆಯ ಹುಡುಗ, ಡಿಪ್ಲೊಮಾ ಓದುತ್ತಿದ್ದ. ತಂದೆ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ರಜೆಯಲ್ಲಿ ಮಿಕ್ಸಿ, ರೇಡಿಯೊ ರಿಪೇರಿ ಮಾಡಿ ಕೂಡಿಟ್ಟದ್ದೂ ತಂದೆ ಕೊಟ್ಟದ್ದೂ ಸೇರಿ ಹದಿನಾಲ್ಕು ಸಾವಿರ ರೂಪಾಯಿ ಅವನ ಒಳಜೇಬಿನಲ್ಲಿತ್ತು. "ದೊಡ್ಡವರೊಬ್ಬರು ಜೊತೆಗಿದ್ದರೆ ಅಂಗಡಿಯವರು ಸರಿಯಾಗಿ ಮಾತಾಡುತ್ತಾರೆ, ಬನ್ನಿ ಸಾರ್" ಎಂದು ಕರೆದಿದ್ದ. ಅಲ್ಲಿ ಮಾತಾಡಿದ್ದೆಲ್ಲ ಅವನೇ. ಅಂಗಡಿಯಿಂದ ಅಂಗಡಿಗೆ ಕೊಟೇಷನ್ ಬರೆಸಿಕೊಂಡು ಅಲೆದು, ಐವತ್ತು ನೂರು ರೂಪಾಯಿಗೆ ಚೌಕಾಸಿ ಮಾಡಿ, ಪ್ರತಿ ಭಾಗದ ಮೇಲೂ ತಾರೀಕಿನ ವಾರಂಟಿ ಚೀಟಿ ಅಂಟಿಸಿಕೊಂಡು, ಸಂಜೆಯ ಬಸ್ಸಿನಲ್ಲಿ ಮದರ್‌ಬೋರ್ಡಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡೇ ಊರಿಗೆ ಬಂದ. ಮಾನಿಟರ್ ಮೊದಲೇ ಇತ್ತು, ಯಾವುದೋ ಕಚೇರಿ ವಿಲೇವಾರಿ ಮಾಡಿದ 14 ಇಂಚಿನದು. ಗ್ರಾಫಿಕ್ಸ್ ಕಾರ್ಡಿಗೆ ಹಣ ಸಾಲಲಿಲ್ಲ. ಗೆಳೆಯನೊಬ್ಬನಿಂದ 4 ಎಂಬಿಯ ಹಳೆಯ ಕಾರ್ಡನ್ನು ಕೈಗಡ ತಂದಿದ್ದ.

ಮರುದಿನ ಅವನ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಜೋಡಣೆ ಶುರುವಾಯಿತು. ಅವನು ಕೊಂಡದ್ದು ಎ.ಎಂ.ಡಿ. ಕಂಪನಿಯ 700 ಮೆಗಾಹರ್ಟ್ಜ್‌ನ 'ಡ್ಯುರಾನ್'. ಅದನ್ನು ಕೂರಿಸುವ ಮುನ್ನ "ಸಾರ್, ಒಂದು ಪೆನ್ಸಿಲ್ ಇದ್ದರೆ ಕೊಡಿ" ಎಂದ. ಲೆಕ್ಕ ಬರೆಯಲು ಇರಬೇಕೆಂದು ಕೊಟ್ಟೆ. ಅವನು ಭೂತಗನ್ನಡಿ ಹಿಡಿದು ಚಿಪ್ಪಿನ ಮೇಲಿನ ಸಾಸಿವೆಗಿಂತ ಸಣ್ಣ ಚುಕ್ಕೆಗಳ ನಡುವೆ ಗೆರೆ ಎಳೆಯತೊಡಗಿದ! ವೇಗದ ಗುಣಕವನ್ನು ಬದಲಿಸಲು ಬಿಡುವ ಕಿರುಸೇತುವೆಗಳನ್ನು ಕಾರ್ಖಾನೆಯಲ್ಲಿ ಕತ್ತರಿಸಿರುತ್ತಾರೆಂದೂ, ಪೆನ್ಸಿಲಿನ ಗ್ರ್ಯಾಫೈಟ್ ವಿದ್ಯುತ್ತನ್ನು ಹರಿಸುವುದರಿಂದ ಗೆರೆ ಎಳೆದರೆ ಸೇತುವೆ ಮತ್ತೆ ಕೂಡುತ್ತದೆಂದೂ ವಿವರಿಸಿದ. ಗ್ರ್ಯಾಫೈಟ್ ವಿದ್ಯುದ್ವಾಹಕವೆಂದು ವಿಜ್ಞಾನದ ಮೇಷ್ಟರು ಹೇಳಿಕೊಟ್ಟದ್ದು ಪರೀಕ್ಷೆಯಲ್ಲಿ ಒಂದು ಅಂಕಕ್ಕಷ್ಟೇ ಎಂದುಕೊಂಡಿದ್ದ ನನಗೆ ಅಂದು ಆದ ಸಂತೋಷ ಹೇಳತೀರದು. ಈ ಉಪಾಯ ಅವನು ಕಂಡುಹಿಡಿದದ್ದಲ್ಲ. ಪ್ರಪಂಚದಾದ್ಯಂತ ಹವ್ಯಾಸಿಗಳು ಮಾಡುತ್ತಿದ್ದುದು. ಅದೇ ವರ್ಷ ಬಂದ 'ಅಥ್ಲಾನ್ ಎಕ್ಸ್‌ಪಿ'ಯಲ್ಲಿ ಆ ಜಾಗವನ್ನು ಲೇಸರಿನಿಂದ ಗುಳಿ ತೋಡಿ ಕಂಪನಿಯವರು ಪೆನ್ಸಿಲಿನ ಆಟವನ್ನು ನಿಲ್ಲಿಸಿದರು.

ಉಸಿರು ಬಿಗಿಹಿಡಿಯುವ ಘಟ್ಟವೆಂದರೆ ಶಾಖ ಹೀರುವ ಹೀಟ್‌ಸಿಂಕ್ ಕೂರಿಸುವುದು. ಆ ಕಾಲದ ಚಿಪ್ಪಿನ ತಿರುಳು ಕವಚವಿಲ್ಲದೆ ತೆರೆದೇ ಇರುತ್ತಿತ್ತು. ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಅದುಮುವಾಗ ಓರೆಯಾದರೆ ಮೂಲೆ ಮುಕ್ಕಾಗಿ ಚಿಪ್ಪು ಸತ್ತಂತೆಯೇ. ಹೀಟ್‌ಸಿಂಕ್ ಸರಿಯಾಗಿ ಕೂರದೆ ವಿದ್ಯುತ್ ಕೊಟ್ಟರೆ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುವ ಅಪಾಯ. ಅದು ಕ್ಲಿಕ್ಕೆಂದು ಕೂತು, ಸ್ವಿಚ್ಚು ಹಾಕಿ, 'ಬೀಪ್' ಎಂಬ ಒಂದೇ ಒಂದು ಸದ್ದು ಬಂದಾಗ ಅವನ ತಾಯಿ ಅಡುಗೆಮನೆಯಿಂದಲೇ "ಆಯ್ತೇನೋ?" ಎಂದು ಕೇಳಿದರು. ಪರದೆಯ ಮೇಲೆ 900 ಎಂಬ ಅಂಕಿ ಮೂಡಿತ್ತು.

ಆದರೂ ಅದು ಆಟದ ಯಂತ್ರವಾಗಿ ಪೂರ್ಣಗೊಳ್ಳಲು ಮತ್ತೆರಡು ವರ್ಷ ಹಿಡಿಯಿತು. ನೆರೆಯ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ಹಣದಲ್ಲಿ 2003ರಲ್ಲಿ 'ಜಿಫೋರ್ಸ್2 ಎಂಎಕ್ಸ್' ಎಂಬ ಕಾರ್ಡನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದು ಸಿಕ್ಕಿಸಿದ. ಗೆಳೆಯನ ಕಾರ್ಡನ್ನು ಅಂದೇ ಹಿಂತಿರುಗಿಸಿದ. ಆ ನಡುವಿನ ಎರಡು ವರ್ಷಗಳೇ ಅವನ ನಿಜವಾದ ವಿದ್ಯಾಭ್ಯಾಸ. ನಮ್ಮ ಶಾಲೆಯಲ್ಲಿ ದಾನವಾಗಿ ಬಂದಿದ್ದ ಐದು ಕಂಪ್ಯೂಟರುಗಳು ಕೆಟ್ಟು, ರಿಪೇರಿಗೆ ಅನುದಾನವಿಲ್ಲದೆ ಬಟ್ಟೆ ಹೊದ್ದು ಕುಳಿತಿದ್ದವು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅವನನ್ನು ಕರೆಸಿದೆವು. ಎರಡು ದಿನ ಕೂತು, ಒಂದರ ರ‍್ಯಾಮು ಇನ್ನೊಂದಕ್ಕೆ, ಮತ್ತೊಂದರ ಎಸ್‌ಎಂಪಿಎಸ್ ಮಗದೊಂದಕ್ಕೆ ಹಾಕಿ, ಐದು ಹೆಣಗಳಿಂದ ಮೂರು ಜೀವಗಳನ್ನು ಎಬ್ಬಿಸಿದ. ಆ ವರ್ಷ ಹತ್ತನೆಯ ತರಗತಿಯ ಮಕ್ಕಳು ಮೊದಲ ಬಾರಿಗೆ ಮೌಸ್ ಹಿಡಿದರು. ಆಟದ ಆಸೆಗೆ ಕಲಿತ ವಿದ್ಯೆ ಅದು. ಭಾಗಗಳು ಒಂದಕ್ಕೊಂದು ಹೊಂದುವಂತಿದ್ದುದರಿಂದಲೇ ಅದು ಸಾಧ್ಯವಾಯಿತು.

ಆಮೇಲಿನ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. 2018ರ ಫೆಬ್ರವರಿಯಲ್ಲಿ ಎ.ಎಂ.ಡಿ. 99 ಡಾಲರಿಗೆ ತಂದ 'ರೈಜನ್ 3 2200ಜಿ'ಯೊಳಗೇ ತಕ್ಕಮಟ್ಟಿನ ಗ್ರಾಫಿಕ್ಸ್ ಇತ್ತು. ಕಾರ್ಡು ಕೊಳ್ಳಲಾರದವರು ಸದ್ಯಕ್ಕೆ ಅದರಲ್ಲೇ ಆಡಿ, ಹಣ ಬಂದಾಗ ಕಾರ್ಡು ಸೇರಿಸಿಕೊಳ್ಳಬಹುದಾಯಿತು. ಅನಂತರ ಕಷ್ಟಕಾಲ ಬಂತು. ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುವವರು ಗ್ರಾಫಿಕ್ಸ್ ಕಾರ್ಡುಗಳನ್ನು ರಾಶಿರಾಶಿಯಾಗಿ ಬಾಚಿಕೊಂಡರು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿದ ಮೇಲೆ ಆ ಹಾವಳಿ ತಗ್ಗಿತು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳ ಬೇಡಿಕೆಯಿಂದ ರ‍್ಯಾಮಿನ ಬೆಲೆ ಗಗನಕ್ಕೇರಿತು. ಬೆಲೆ ಏರುತ್ತದೆ, ಇಳಿಯುತ್ತದೆ. ಅದಕ್ಕೆ ನಾನು ಅಷ್ಟಾಗಿ ಅಂಜುವುದಿಲ್ಲ. ರ‍್ಯಾಮನ್ನು ಬೋರ್ಡಿಗೇ ಬೆಸೆದು, ಬಿಚ್ಚಲು ಬಾರದಂತೆ ಮುಚ್ಚಿ ಮಾರುವ ಯಂತ್ರಗಳು ಹೆಚ್ಚುತ್ತಿರುವುದು ಹೆಚ್ಚಿನ ಚಿಂತೆಯ ವಿಷಯ. ಅಂಥ ಐದು ಯಂತ್ರಗಳು ಕೆಟ್ಟರೆ ಅವುಗಳಿಂದ ಒಂದನ್ನೂ ಎಬ್ಬಿಸಲಾಗದು.

ಮನೆಯ ಮಗುವೊಂದು ಆಟದ ಕಂಪ್ಯೂಟರ್ ಕಟ್ಟಿಕೊಳ್ಳುತ್ತೇನೆಂದು ಹಟ ಹಿಡಿದರೆ ಹಿರಿಯರು ಗದರಬಾರದೆಂದು ನನ್ನ ಕೋರಿಕೆ. ಕೇಳಿದಷ್ಟೂ ಹಣವನ್ನು ಒಮ್ಮೆಗೇ ಕೊಡುವುದೂ ಬೇಡ. ಸ್ವಲ್ಪ ಕಡಿಮೆ ಕೊಡಿ. ಉಳಿದುದನ್ನು ಅದು ತನ್ನ ಬುದ್ಧಿಯಿಂದ ತುಂಬಿಕೊಳ್ಳಲಿ. ಹಾಸಿಗೆ ಇದ್ದಷ್ಟು ಕಾಲು ಚಾಚಲಿ, ಹಾಸಿಗೆಗೆ ಮುಂದೆ ಇನ್ನೊಂದು ತುಂಡು ಹೊಲಿಯಲು ಬರುವಂತೆ ಅಂಚನ್ನು ಬಿಟ್ಟಿರಲಿ. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಜಿಪುಣತನ ಬೇಡ. ಅದು ಕೆಟ್ಟರೆ ಮಿಕ್ಕವನ್ನೂ ಜೊತೆಗೆ ಕರೆದೊಯ್ಯಬಹುದು. ಗ್ರಾಫಿಕ್ಸ್ ಕಾರ್ಡನ್ನು ಎಲ್ಲಕ್ಕಿಂತ ಕೊನೆಗೆ ಕೊಂಡರೂ ನಡೆಯುತ್ತದೆ, ಹಳೆಯದಾದರೂ ನಡೆಯುತ್ತದೆ. ಸ್ಕ್ರೂಡ್ರೈವರ್ ಮಾತ್ರ ಮೊದಲ ದಿನದಿಂದಲೇ ಮಗುವಿನ ಕೈಯಲ್ಲಿರಲಿ.